ಆಶ್ರಯ ಕೇಂದ್ರದಿಂದ ಬರುವ ಹೆದರಿದ ನಾಯಿ: ಗೂಡಾ, ಸರಪಳಿಯಾ, ಮನೆಯೊಳಗಾ? ಮೊದಲ ಮೂರು ತಿಂಗಳ ಕ್ರಮ ಹೇಗೆ?

ಸುರತ್ಕಲ್ ಅಂಗಳ

ವಿವರ ಇಷ್ಟು. ಊರ ನಾಯಿ, ಹೆಣ್ಣು, ಅಂದಾಜು 2 ವರ್ಷ, ತೂಕ 16 ಕೆ.ಜಿ. ಸಂತಾನಹರಣ ಆಗಿದೆ, ಕಿವಿಯ ತುದಿ ಕತ್ತರಿಸಿದ ಗುರುತು ಉಂಟು. ರೇಬೀಸ್ ಇಂಜೆಕ್ಷನ್‌ನ ಕಾರ್ಡ್ ಉಂಟು, ಬೇರೆ ಲಸಿಕೆಯ ದಾಖಲೆ ಇಲ್ಲ. ಹೆಲ್ಮೆಟ್ ಹಾಕಿದವರು ಬಂದರೆ, ಯಾರಾದರೂ ಹಿಡಿಸೂಡಿ (ಪೊರಕೆ) ಎತ್ತಿದರೆ ಮೂಲೆ ಸೇರುತ್ತದೆ. ಎದುರಿಗೆ ಜನ ನಿಂತರೆ ಊಟ ಮುಟ್ಟುವುದಿಲ್ಲ. ಕಚ್ಚಿದ ದಾಖಲೆ ಇಲ್ಲ.

ಮನೆ ಕೆಂಪುಕಲ್ಲಿನದ್ದು. ಕಂಪೌಂಡ್ 4 ಅಡಿ, ಅಂಗಳದ ಬದಿಯಲ್ಲಿ ಬಾವಿ, ಗೇಟಿನ ಆಚೆಯೇ ರಸ್ತೆ. ಹಿರಿಯರು ಹೇಳುವುದು ನಮ್ಮ ಕಡೆಯ ಹಳೆಯ ಕ್ರಮ: ಹಗಲು ಗೂಡು, ರಾತ್ರಿ ಬಿಡುವುದು. ಬರುವುದು ಮೇ ಮೂರನೇ ವಾರ, ಅಂದರೆ ಹದಿನೈದು ದಿನದಲ್ಲಿ ಮಳೆ. ಮೊದಲ ವಾರ ಏನು ಮಾಡಬೇಕು, ಏನು ಮಾಡಲೇಬಾರದು, ಗೊತ್ತಿದ್ದವರು ಬಿಡಿಸಿ ಹೇಳಿ.

ಮುಳಿಗುಡ್ಡೆ

ಮೊದಲು ಮಾಡಬಾರದ್ದನ್ನು ಹೇಳುತ್ತೇನೆ. ಬಂದ ದಿನ ಸ್ನಾನ ಮಾಡಿಸಬೇಡಿ. ನೆಂಟರನ್ನು, ನೆರೆಯವರ ಮಕ್ಕಳನ್ನು ಕರೆದು ತೋರಿಸಬೇಡಿ. ಅಂಗಳದಲ್ಲಿ ಬಿಟ್ಟು "ಸುತ್ತಾಡಿ ಅಭ್ಯಾಸ ಆಗಲಿ" ಎನ್ನಬೇಡಿ. ಹೊಸ ಮನೆಯಿಂದ ನಾಯಿ ತಪ್ಪಿಸಿಕೊಳ್ಳುವುದು ಹೆಚ್ಚಾಗಿ ಮೊದಲ ದಿನಗಳಲ್ಲಿ. ಆಗ ಅದಕ್ಕೆ ಮನೆ ಯಾವುದೆಂದೂ ಗೊತ್ತಿಲ್ಲ, ಹೆಸರೂ ಗೊತ್ತಿಲ್ಲ. ಹಿಂದೆ ಓಡಿದಷ್ಟೂ ದೂರ ಹೋಗುತ್ತದೆ.

ನಾಯಿ ಸಾಕುವವರಲ್ಲಿ ಒಂದು ಲೆಕ್ಕ ಉಂಟು: ಗಾಬರಿ ಇಳಿಯಲು 3 ದಿನ, ಮನೆಯ ಕ್ರಮ ಅರ್ಥವಾಗಲು 3 ವಾರ, ಇದು ತನ್ನ ಮನೆ ಎಂದು ಅನಿಸಲು 3 ತಿಂಗಳು. ಇದು ಅಂದಾಜು ಮಾತ್ರ, ನೀವು ಹೇಳಿದಂತಹ ಹೆದರಿದ ನಾಯಿಗೆ ಇದರ ಎರಡರಷ್ಟು ಹಿಡಿಯಬಹುದು. ಇನ್ನೊಂದು ವಿಷಯ, ಮೊದಲ ವಾರದ ನಾಯಿಯನ್ನು ನೋಡಿ "ಎಷ್ಟು ಸಾಧು" ಎಂದು ತೀರ್ಮಾನ ಮಾಡಬೇಡಿ. ಹೆದರಿಕೆಯಿಂದ ಕಲ್ಲಾಗಿ ಕೂತ ನಾಯಿಯೂ ನೋಡಲಿಕ್ಕೆ ಸಾಧುವೇ. ಎರಡು ಮೂರು ವಾರ ಕಳೆದು ಬೊಗಳಲು, ಬಟ್ಟಲು ಕಾಯಲು ಶುರು ಮಾಡಿದರೆ ಅದು ಕೆಟ್ಟುಹೋದದ್ದಲ್ಲ, ಬಾಯಿ ಬಂದದ್ದು.

ಜಾಗ: ಜನ ಓಡಾಡದ ಒಂದು ಕೋಣೆ, ಇಲ್ಲದಿದ್ದರೆ ಚಾವಡಿಯ ಒಂದು ಮೂಲೆಗೆ ಬೆಂಚು ಅಡ್ಡ ಇಟ್ಟು ಮೂರು ಬದಿ ಮರೆ ಮಾಡಿ. ನೆಲ ಟೈಲ್ಸ್ ಆದರೆ ಬಾಗಿಲಿನ ತನಕ ತೆಂಗಿನ ನಾರಿನ ಮ್ಯಾಟ್ ಹಾಸಿ. ಸಿಮೆಂಟಿನ ಮೇಲೆ ಬೆಳೆದ ನಾಯಿಗೆ ಕಾಲು ಜಾರುವುದೇ ದೊಡ್ಡ ಹೆದರಿಕೆ. ಒಂದು ಸಲ ಜಾರಿ ಬಿದ್ದರೆ ಆ ಕೋಣೆಗೆ ಮತ್ತೆ ಬರಲಿಕ್ಕಿಲ್ಲ.

ಊಟ ಹಾಕುವುದು ಒಬ್ಬರೇ, ಹೊತ್ತು ಬದಲಾಗಬಾರದು. ಬಟ್ಟಲಿಟ್ಟು ಹೊರಗೆ ಬನ್ನಿ. ಎರಡು ಮೂರು ದಿನದ ಮೇಲೆ ಅದೇ ಕೋಣೆಯಲ್ಲಿ 3 ಮೀಟರ್ ದೂರ, ನಾಯಿಗೆ ಪಕ್ಕ ಮಾಡಿ ನೆಲದ ಮೇಲೆ ಕೂತುಕೊಳ್ಳಿ. ನೇರ ನೋಡಬೇಡಿ, ಕರೆಯಬೇಡಿ. ಬೇಯಿಸಿದ ಕೋಳಿಯ ಸಣ್ಣ ಚೂರನ್ನು ನಾಯಿಯ ಹಿಂದಕ್ಕೆ ಬೀಳುವ ಹಾಗೆ ಹಾಕಿ. ಇಲ್ಲಿ ಹೆಚ್ಚಿನವರು ತಪ್ಪುವುದು, ತಿಂಡಿ ಕೈಯಲ್ಲಿ ಹಿಡಿದು ಹತ್ತಿರ ಎಳೆಯುತ್ತಾರೆ. ನಾಯಿ ಹಿಂಗಾಲು ಅಲ್ಲೇ ಊರಿ, ಕುತ್ತಿಗೆ ಮಾತ್ರ ಉದ್ದ ಮಾಡಿ ಬರುತ್ತದೆ, ಚೂರು ಬಾಯಿಗೆ ಸಿಕ್ಕಿದ ಕ್ಷಣವೇ "ಅಯ್ಯೋ ಮನುಷ್ಯನ ಇಷ್ಟು ಹತ್ತಿರವಾ" ಎಂದು ಗೊತ್ತಾಗಿ ಹಾರಿ ಹಿಂದೆ ಹೋಗುತ್ತದೆ. ಅಷ್ಟಕ್ಕೇ ಎರಡು ದಿನದ ಕೆಲಸ ಹಾಳು. ಹಿಂದಕ್ಕೆ ಹಾಕಿದರೆ ದೂರ ಹೋಗುವ ಸಮಾಧಾನವೂ ಸಿಕ್ಕಿತು, ತಿಂಡಿಯೂ ಸಿಕ್ಕಿತು. ತಿಂದು ತಿರುಗಿ ತಾನಾಗಿ ಒಂದು ಹೆಜ್ಜೆ ನಿಮ್ಮ ಕಡೆ ಬರುತ್ತದಲ್ಲ, ಆ ಹೆಜ್ಜೆಯೇ ಬೇಕಾದದ್ದು. ಹತ್ತು ಚೂರು ಆದ ಮೇಲೆ ಎದ್ದು ಹೋಗಿ. ದಿನಕ್ಕೆ ಮೂರು ಸಲ ಸಾಕು.

ಬಾವಿಕಟ್ಟೆ

ನಾಯಿ ಬರುವ ಮೊದಲು ಟೇಪು ಹಿಡಿದು ಕಂಪೌಂಡ್ ಸುತ್ತ ಒಂದು ಸುತ್ತು ಬನ್ನಿ.

ಊರ ನಾಯಿಗೆ 4 ಅಡಿ ಗೋಡೆ ಒಂದು ಲೆಕ್ಕವಲ್ಲ. ಗೋಡೆಗೆ ಒರಗಿಸಿದ ಬಟ್ಟೆ ಒಗೆಯುವ ಕಲ್ಲು, ತೆಂಗಿನ ಸಿಪ್ಪೆಯ ರಾಶಿ, ಸೌದೆ, ಎಲ್ಲವೂ ಅದಕ್ಕೆ ಮೆಟ್ಟಿಲು. ಅವನ್ನು ಗೋಡೆಯಿಂದ ಒಂದೂವರೆ ಮೀಟರ್ ಈಚೆ ತನ್ನಿ. ಗೇಟಿನ ಸರಳುಗಳ ನಡುವೆ, ಕೆಳಗೆ ಎಷ್ಟು ಜಾಗ ಉಂಟು ಅಳೆಯಿರಿ. ತಲೆ ತೂರಿದರೆ ಮೈ ತೂರಿದಂತೆಯೇ. ಕೆಳಗಿನ 3 ಅಡಿಗೆ ವೆಲ್ಡ್ ಮೆಶ್ ಇಟ್ಟು ಕಟ್ಟುಕಂಬಿಯಿಂದ ಬಿಗಿಯಿರಿ. ಮಳೆಗಾಲದಲ್ಲಿ ನೀರು ಹೋಗಲು ಗೋಡೆಯ ಬುಡದಲ್ಲಿ ಬಿಟ್ಟ ಕಂಡಿಗೂ ಜಾಲರಿ ಬೇಕು, ಅದನ್ನು ಎಲ್ಲರೂ ಮರೆಯುತ್ತಾರೆ.

ಬಾವಿಗೆ ತರಗೆಲೆ ಬೀಳದ ಹಾಗೆ ಹಾಕುವ ನೈಲಾನ್ ಬಲೆ ಸಾಲದು. ಗಾಬರಿಯಲ್ಲಿ ಹಾರಿದ 16 ಕೆ.ಜಿ. ನಾಯಿಯನ್ನು ಅದು ತಡೆಯುವುದಿಲ್ಲ. ಕಬ್ಬಿಣದ ಗ್ರಿಲ್ ಹಾಕಿಸಿ, ಕೊಡ ಇಳಿಸುವಷ್ಟು ಕಂಡಿಗೆ ಮುಚ್ಚಳ ಇರಲಿ.

ಮುಳಿಗುಡ್ಡೆ

ಬಾವಿಕಟ್ಟೆಯವರು ಹೇಳಿದ್ದರ ಜತೆಗೆ ಬೆಲ್ಟಿನ ಮಾತು. ನಮ್ಮ ಊರ ನಾಯಿಗಳ ತಲೆ ಸಣ್ಣ, ಕುತ್ತಿಗೆ ದಪ್ಪ. ಹೆದರಿದಾಗ ಮುಂದಕ್ಕೆ ಎಳೆಯುವುದಿಲ್ಲ, ಹಿಂದಕ್ಕೆ ಜಗ್ಗುತ್ತವೆ. ಸಾದಾ ಬೆಲ್ಟ್ ಕಿವಿಯ ಮೇಲಿಂದ ಜಾರಿ ಬರಲು ಒಂದು ಸೆಕೆಂಡ್ ಸಾಕು. ಎಳೆದಾಗ ಮಾತ್ರ ಸ್ವಲ್ಪ ಬಿಗಿಯಾಗುವ ಮಾರ್ಟಿಂಗೇಲ್ ಬೆಲ್ಟ್ ತನ್ನಿ, ಪೂರ್ತಿ ಬಿಗಿದಾಗಲೂ ಎರಡು ಬೆರಳು ಒಳಗೆ ಹೋಗಬೇಕು. ಜತೆಗೆ ಎದೆಯ ಮೇಲೆ ವೈ ಆಕಾರದಲ್ಲಿ ಬರುವ ಹಾರ್ನೆಸ್. ಎರಡಕ್ಕೂ ಬೇರೆ ಬೇರೆ ಲೀಶ್ (ಕೈಯಲ್ಲಿ ಹಿಡಿಯುವ ಪಟ್ಟಿ), 2 ಮೀಟರಿನದ್ದು. ಒಂದು ಕಳಚಿದರೂ ಇನ್ನೊಂದು ಉಳಿಯುತ್ತದೆ. ಮೊದಲ ಮೂರು ತಿಂಗಳು ಕಾರಿನಿಂದ ಇಳಿಸುವಾಗ, ಡಾಕ್ಟರ ಹತ್ತಿರ ಹೋಗುವಾಗ ಎರಡೂ ಇಲ್ಲದೆ ಬಾಗಿಲು ತೆರೆಯಬೇಡಿ. ಬೆಲ್ಟಿಗೆ ಫೋನ್ ನಂಬರ್ ಕೆತ್ತಿದ ಬಿಲ್ಲೆ ಇರಲಿ.

ಮದ್ದಿನ ಪೆಟ್ಟಿಗೆ

ತರಬೇತಿಗಿಂತ ಮೊದಲು ರಕ್ತ ಪರೀಕ್ಷೆ. ಇದನ್ನು ಎಷ್ಟು ಸಲ ಹೇಳಿದರೂ ಸಾಲದು. ಆಲಸ್ಯ, ಊಟ ಬೇಡ, ಮುಟ್ಟಿದರೆ ಗುರ್ರ್ ಎನ್ನುವುದು, ಇವೆಲ್ಲ "ಸ್ವಭಾವ" ಅಂತ ಕಂಡರೂ ಹಿಂದೆ ಉಣ್ಣಿ ಜ್ವರ ಇರಬಹುದು. ನೋವು ಇರುವ ನಾಯಿಗೆ ಪಾಠ ತಲೆಗೆ ಹೋಗುವುದಿಲ್ಲ. ಸಿಬಿಸಿ (ರಕ್ತಕಣಗಳ ಎಣಿಕೆ) ಮಾಡಿಸಿ ಪ್ಲೇಟ್‌ಲೆಟ್ ಎಷ್ಟು ಉಂಟು ನೋಡಿ, ರಕ್ತದ ಸ್ಮಿಯರಿನಲ್ಲಿ, ಅಂದರೆ ಗಾಜಿನ ಮೇಲೆ ಸವರಿ ನೋಡುವ ಪರೀಕ್ಷೆಯಲ್ಲಿ, ಎರ್ಲಿಕಿಯಾ, ಬಬೇಸಿಯಾ ಎಂಬ ಉಣ್ಣಿ ಜ್ವರದ ರೋಗಾಣು ಉಂಟಾ ಕೇಳಿ. ಎರ್ಲಿಕಿಯಾ ಆದರೆ ಡಾಕ್ಸಿಸೈಕ್ಲಿನ್ ಸಾಮಾನ್ಯವಾಗಿ 28 ದಿನ. ಐದನೇ ದಿನಕ್ಕೆ ನಾಯಿ ಚುರುಕಾಯಿತೆಂದು ನಿಲ್ಲಿಸುವುದರಿಂದಲೇ ರೋಗ ಒಳಗೆ ಉಳಿದು ತಿಂಗಳುಗಟ್ಟಲೆ ಆದ ಮೇಲೆ ಮೂಗಿನಿಂದ ರಕ್ತ ಬರುವುದು. ನಾಯಿಯ ಸಹಜ ಉಷ್ಣ 38.3ರಿಂದ 39.2 ಡಿಗ್ರಿ ಸೆಲ್ಸಿಯಸ್. ವಸಡು ಗುಲಾಬಿ ಇರಬೇಕು, ಬಿಳಿಚಿದ್ದರೆ ಅದೇ ದಿನ ಡಾಕ್ಟರಲ್ಲಿಗೆ. ಮನುಷ್ಯರ ಪ್ಯಾರಾಸಿಟಮಾಲ್, ಐಬುಪ್ರೊಫೆನ್ ಕೊಡಲೇಬೇಡಿ.

ಕೆಂಪುಕಲ್ಲಿನ ಮನೆಯವರಿಗೆ ಉಣ್ಣಿಯ ಕಷ್ಟ ಹೆಚ್ಚು. ರಕ್ತ ಕುಡಿದು ತುಂಬಿದ ಹೆಣ್ಣು ಉಣ್ಣಿ ನಾಯಿಯಿಂದ ಉದುರಿ ಗೋಡೆ ಹತ್ತುತ್ತದೆ, ಸಾರಣೆ ಇಲ್ಲದ ಕಲ್ಲಿನ ತೂತುಗಳಲ್ಲಿ ಸಾವಿರಾರು ಮೊಟ್ಟೆ ಇಡುತ್ತದೆ. ನಾಯಿಯ ಮೈಯಲ್ಲಿ ಕಾಣುವುದು ಸ್ವಲ್ಪವೇ, ಉಳಿದದ್ದೆಲ್ಲ ಗೋಡೆಯಲ್ಲಿ, ಹಾಸಿನ ಕೆಳಗೆ. ಹಾಗಾಗಿ ಶಾಂಪೂ ಒಂದರಿಂದಲೇ ಮುಗಿಯುವುದಿಲ್ಲ. ತೂಕಕ್ಕೆ ಸರಿಯಾದ ಉಣ್ಣಿಯ ಮಾತ್ರೆ ಹಾಕಿಸಿ. ಫ್ಲೂರಲಾನರ್ ಆದರೆ 12 ವಾರ, ಅಫಾಕ್ಸೊಲಾನರ್ ಆದರೆ ಒಂದು ತಿಂಗಳು ಬರುತ್ತದೆ. ನಾಯಿಗೆ ಫಿಟ್ಸ್ ಬಂದದ್ದುಂಟು ಎಂದು ಕೇಂದ್ರದವರು ಹೇಳಿದ್ದರೆ ಮಾತ್ರೆಗೆ ಮೊದಲೇ ಡಾಕ್ಟರಿಗೆ ತಿಳಿಸಿ. ನಾಯಿ ಮಲಗುವ ಕಡೆ ಗೋಡೆಗೆ 3 ಅಡಿ ಎತ್ತರದವರೆಗೆ ಸಿಮೆಂಟು ಸಾರಣೆ ಮಾಡಿಸಿದರೆ ದೊಡ್ಡ ಉಪಕಾರ. ಕಚ್ಚಿಕೊಂಡ ಉಣ್ಣಿಯನ್ನು ಚಿಮುಟದಿಂದ ಚರ್ಮಕ್ಕೆ ತಾಗಿಸಿ ಹಿಡಿದು ನೇರ ಎಳೆಯಿರಿ. ಚಿಮಿಣಿ ಎಣ್ಣೆ ಹಚ್ಚುವುದು, ಊದುಬತ್ತಿ ತಾಗಿಸುವುದು ಬೇಡ.

ಲಸಿಕೆ: ದಾಖಲೆ ಇಲ್ಲ ಎಂದರೆ ಕೊಟ್ಟಿಲ್ಲ ಎಂದೇ ಲೆಕ್ಕ. ಡಿಸ್ಟೆಂಪರ್, ಪಾರ್ವೊ, ಲೆಪ್ಟೊ ಸೇರಿದ ಇಂಜೆಕ್ಷನ್ ಈಗ ಒಂದು, 3–4 ವಾರ ಬಿಟ್ಟು ಇನ್ನೊಂದು, ಆಮೇಲೆ ವರ್ಷಕ್ಕೊಮ್ಮೆ. ಮೇಯಲ್ಲಿ ಬರುವ ನಾಯಿಗೆ ಲೆಪ್ಟೊ, ಅಂದರೆ ಇಲಿಜ್ವರದ ಭಾಗ ಮುಖ್ಯ. ಇಲಿಯ ಮೂತ್ರ ಮಳೆನೀರಿಗೆ ಸೇರಿ, ಗದ್ದೆ, ತೋಡು, ಅಂಗಳದ ಹೊಂಡದಲ್ಲಿ ನಿಲ್ಲುತ್ತದೆ. ನಾಯಿಗೆ ಬಂದರೆ ಅದರ ಮೂತ್ರದಿಂದ ಮನೆಯವರಿಗೂ ಬರಬಹುದು. ಲಸಿಕೆ ಎಲ್ಲ ಬಗೆಯ ಲೆಪ್ಟೊವನ್ನು ತಡೆಯುವುದಿಲ್ಲ, ಹೊಂಡದ ನೀರು ಕುಡಿಯಲು ಬಿಡಬೇಡಿ. ಹುಳದ ಮದ್ದು ಮೂರು ತಿಂಗಳಿಗೊಮ್ಮೆ.

ಅಡಿಕೆ ತೋಟ ಇದ್ದರೆ ಮಳೆ ಹಿಡಿಯುವ ಮೊದಲು ಬೋರ್ಡೋ (ಮೈಲುತುತ್ತು, ಸುಣ್ಣ ಕಲಸಿದ ಮದ್ದು) ಸಿಂಪಡಿಸುವ ದಿನ ನಾಯಿ ಒಳಗೇ ಇರಲಿ. ಮೈಲುತುತ್ತಿನ ನೀರು ಉಳಿದ ಡ್ರಮ್ಮು ಮುಚ್ಚಿಡಿ.

ಸುರತ್ಕಲ್ ಅಂಗಳ

ಮುಳಿಗುಡ್ಡೆಯವರೇ, ಮೂತ್ರದ ವಿಷಯ ಒಂದು ಹೇಳಿ. ಲೀಶ್ ಹಾಕಿದರೆ ಮೂತ್ರ ಮಾಡುವುದೇ ಇಲ್ಲ ಎಂದು ಕೇಂದ್ರದವರು ಎಚ್ಚರಿಸಿದ್ದಾರೆ. ಮಳೆ ಶುರುವಾದರೆ ಹೊರಗೆ ಕಾಲಿಡುವುದೂ ಸಂಶಯ.

ಮುಳಿಗುಡ್ಡೆ

ಹೆದರಿದ ದೊಡ್ಡ ನಾಯಿ 18 ಗಂಟೆ ತಡೆದುಕೊಂಡರೆ ಆಶ್ಚರ್ಯವಿಲ್ಲ. 24 ಗಂಟೆ ದಾಟಿದರೆ ಡಾಕ್ಟರಿಗೆ ಫೋನ್ ಮಾಡಿ. ಲೀಶ್ ಗಿಡ್ಡ ಆದಷ್ಟೂ ನಾಯಿಗೆ ಕಷ್ಟ, ಮನುಷ್ಯನ ಕಾಲಬುಡದಲ್ಲಿ ಕೂರಲು ಅದಕ್ಕೆ ಧೈರ್ಯ ಸಾಲದು. 5 ಮೀಟರಿನ ಹಗ್ಗ ಹಾರ್ನೆಸ್‌ಗೆ ಹಾಕಿ, ನೀವು ಬೆನ್ನು ಹಾಕಿ ನಿಲ್ಲಿ. ಬೆಳಿಗ್ಗೆ ಐದೂವರೆಗೆ, ಮೀನಿನವರ ಹಾರ್ನ್ ಶುರುವಾಗುವ ಮೊದಲೇ, ಅದೇ ಜಾಗಕ್ಕೆ ಕರೆದುಕೊಂಡು ಹೋಗಿ ಹತ್ತು ನಿಮಿಷ ಕಾಯಿರಿ. ಕರೆತರುವ ದಿನ ಅದು ಮೂತ್ರ ಮಾಡಿದ ಗೋಣಿತುಂಡು ಒಂದು ಕೇಂದ್ರದಿಂದ ಪ್ಲಾಸ್ಟಿಕ್ ಚೀಲದಲ್ಲಿ ತಂದು ಆ ಜಾಗದಲ್ಲಿ ಹಾಕಿದರೆ ಅರ್ಧ ಕೆಲಸ ಮುಗಿಯಿತು. ಮಾಡಿ ಮುಗಿಸಿದ ಎರಡು ಸೆಕೆಂಡಿನೊಳಗೆ ಅಲ್ಲೇ ತಿಂಡಿ. ಒಳಗೆ ಬಂದ ಮೇಲೆ ಕೊಟ್ಟರೆ ಒಳಗೆ ಬಂದದ್ದಕ್ಕೆ ಸಿಕ್ಕಿತು ಎಂದೇ ಅದರ ಲೆಕ್ಕ.

ಮಳೆಗೆ ಉಪಾಯ ಈಗಲೇ ಮಾಡಬೇಕು. ಮನೆಯ ಹಿಂದೆ ಮಾಡಿನ ಇಳಿಕೆಯ ಕೆಳಗೆ 6 ಅಡಿ ಉದ್ದ 4 ಅಡಿ ಅಗಲದ ಜಾಗಕ್ಕೆ ಚಪ್ಪರ ಇಳಿಸಿ. ತಗಡು ಬೇಡ, ಅದರ ಮೇಲೆ ಮಳೆ ಹೊಡೆಯುವ ಸದ್ದಿಗೇ ನಾಯಿ ಓಡುತ್ತದೆ. ಹಳೆ ಹಂಚು ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ತಗಡಿನ ಮೇಲೆ ತೆಂಗಿನ ಗರಿಯ ಮಡಲು ದಪ್ಪಕ್ಕೆ ಹಾಸಿ. ನೆಲಕ್ಕೆ 4 ಇಂಚು ಮಣ್ಣು, ನೀರು ಒಂದು ಬದಿಗೆ ಇಳಿಯುವ ಹಾಗೆ. ಬಿಸಿಲಿರುವ ಈ ಹದಿನೈದು ದಿನ ಅಲ್ಲೇ ಅಭ್ಯಾಸವಾದರೆ ಜೂನ್‌ನಲ್ಲಿ ಕಷ್ಟವಿಲ್ಲ.

ಒಳಗೆ ಮಾಡಿದರೆ ಬಯ್ಯಬೇಡಿ, ಮೂಗು ಉಜ್ಜಬೇಡಿ. ಬೈದರೆ ಅದು ಕಲಿಯುವುದು ಒಂದೇ, ನಿಮಗೆ ಕಾಣದ ಹಾಗೆ ಮಂಚದಡಿ ಮಾಡಬೇಕು ಎಂದು. ಬಟ್ಟೆಯಿಂದ ಪೂರ್ತಿ ಹೀರಿಸಿ ಆಮೇಲೆ ಎಂಜೈಮ್ ಇರುವ ಕ್ಲೀನರ್ ಹಾಕಿ 10 ನಿಮಿಷ ಬಿಡಿ. ಫಿನಾಯಿಲ್ ಹಾಕಿದರೆ ನಮ್ಮ ಮೂಗಿಗೆ ವಾಸನೆ ಹೋಯಿತು ಅಷ್ಟೇ, ನಾಯಿಯ ಮೂಗಿಗೆ ಹೋಗಲಿಲ್ಲ.

ಕೊಟ್ಟಾರ ತಿರುವು

ಎಲ್ಲ ಸರಿ. ಆದರೆ ಗೂಡೇ ಕೆಟ್ಟದ್ದು ಎನ್ನುವವರು ಇದ್ದಾರೆ, ಅದನ್ನು ನಾನು ಒಪ್ಪುವುದಿಲ್ಲ. ತೆಂಗಿನಕಾಯಿ ಕೀಳುವವರು ಬರುತ್ತಾರೆ, ಗ್ಯಾಸಿನವರು ಬರುತ್ತಾರೆ, ಅಂಗಳದಲ್ಲಿ ಅಡಿಕೆ ಒಣಗಿಸುವವರು ಇರುತ್ತಾರೆ. ಹೆದರುವ ನಾಯಿಯನ್ನು ಅವರ ಕಾಲಡಿ ಬಿಟ್ಟರೆ ಕಚ್ಚಿಸಿಕೊಳ್ಳುವುದು ಕೂಲಿಗೆ ಬಂದವರು. ಗಟ್ಟಿ ಬಾಗಿಲಿನ ಒಂದು ಜಾಗ ಬೇಕೇ ಬೇಕು.

ಮುಳಿಗುಡ್ಡೆ

ಕೊಟ್ಟಾರದವರು ಹೇಳಿದ್ದು ಸರಿ. ಗೂಡು ತಪ್ಪಲ್ಲ, ಗೂಡಿನಲ್ಲೇ ಬದುಕು ಕಳೆಯುವುದು ತಪ್ಪು. ನಮ್ಮ ಕಡೆ ಸಾಮಾನ್ಯವಾಗಿ ಕಾಣುವ ಮೂರಡಿ ಚೌಕದ ಕಬ್ಬಿಣದ ಪೆಟ್ಟಿಗೆ, ಮೇಲೆ ಬರೇ ತಗಡು, ಅದರೊಳಗೆ ಬೆಳಿಗ್ಗೆ ಆರರಿಂದ ರಾತ್ರಿ ಒಂಬತ್ತು, ಆ ಕ್ರಮವನ್ನು ಬಿಡಲೇಬೇಕು. ಏಪ್ರಿಲ್–ಮೇ ಬಿಸಿಲಿಗೆ ಅದು ಒಲೆ.

ಮಾಡಿಸುವುದಾದರೆ ನೆಲ 6 ಅಡಿ ಉದ್ದ, 4 ಅಡಿ ಅಗಲ, ಎತ್ತರ 4 ಅಡಿಗೆ ಕಡಿಮೆ ಇಲ್ಲದೆ. ಮಳೆನೀರು ಹರಿಯಲು ನೆಲದಿಂದ 6 ಇಂಚು ಮೇಲೆ, ಮೇಲೆ ಮರದ ಹಲಗೆ. ಮಳೆಗಾಲದ ಗಾಳಿ ನೈರುತ್ಯದಿಂದ, ಹಾಗಾಗಿ ಪಶ್ಚಿಮ ಮತ್ತು ದಕ್ಷಿಣದ ಬದಿ ಪೂರ್ತಿ ಮುಚ್ಚಿರಲಿ, ಬಾಗಿಲು ಮನೆಯ ಕಡೆಗೆ. ರಸ್ತೆಗೆ ಮುಖ ಮಾಡಿ ಇಡಬೇಡಿ. ದಾರಿಯಲ್ಲಿ ಹೋಗುವ ಪ್ರತಿಯೊಬ್ಬರಿಗೂ ಬೊಗಳುತ್ತದೆ, ಅವರು ತಮ್ಮ ಪಾಡಿಗೆ ಮುಂದೆ ಹೋಗುತ್ತಾರೆ, ನಾಯಿಯ ಲೆಕ್ಕದಲ್ಲಿ "ನಾನು ಓಡಿಸಿದೆ". ದಿನಕ್ಕೆ ನೂರು ಸಲ ಇದೇ ಅಭ್ಯಾಸ ಆದರೆ ಆ ಬುದ್ಧಿ ಬಿಡಿಸಲು ವರ್ಷ ಬೇಕು.

ಅಭ್ಯಾಸ ಮಾಡಿಸುವ ಕ್ರಮ: ಮೊದಲ ವಾರ ಬಾಗಿಲು ಕಳಚಿಡಿ ಅಥವಾ ಹಿಂದಕ್ಕೆ ಕಟ್ಟಿಡಿ, ಎರಡೂ ಹೊತ್ತಿನ ಊಟ ಒಳಗೆ. ಎರಡನೇ ವಾರ ತಿನ್ನುವಾಗ ಬಾಗಿಲು ಮುಚ್ಚಿ, ತಿಂದು ಮುಗಿಸುವ ಮೊದಲೇ ತೆರೆಯಿರಿ. ಮುಗಿದ ಮೇಲೆ ಒಂದು ನಿಮಿಷ, ಮೂರು ನಿಮಿಷ, ಹತ್ತು ನಿಮಿಷ ಹೀಗೆ ಏರಿಸಿ. ಹಗಲು ಒಂದು ಸಲಕ್ಕೆ ಎರಡು ಗಂಟೆ ಮೀರಬೇಡಿ. ಜೊಲ್ಲು ಸುರಿಸಿ, ಸರಳು ಕಚ್ಚಿ, ಉಗುರು ಹರಿದುಕೊಳ್ಳುವ ನಾಯಿಗೆ ಮುಚ್ಚಿದ ಗೂಡು ಆಗುವುದಿಲ್ಲ, ಅದಕ್ಕೆ ಕೋಣೆಯೇ ಆಗಬೇಕು.

ಇನ್ನು ಚೈನು. ಓಡಿ ತಪ್ಪಿಸಿಕೊಳ್ಳಲು ಆಗದು ಎಂದು ಗೊತ್ತಾದ ನಾಯಿಗೆ ಉಳಿಯುವ ದಾರಿ ಕಚ್ಚುವುದೊಂದೇ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ ನಾಯಿಯನ್ನು ಗಿಡ್ಡ ಅಥವಾ ಭಾರದ ಸರಪಳಿಯಲ್ಲಿ ಅತಿಯಾದ ಹೊತ್ತು ಕಟ್ಟುವುದೂ, ಸದಾ ಕಟ್ಟಿರುವ ನಾಯಿಯನ್ನು ನಡೆದಾಡಿಸದೆ ಇರುವುದೂ ಅಪರಾಧ. ರಾತ್ರಿ ಬಿಡುವುದರಿಂದ ಅದು ಸರಿಹೋಗುವುದಿಲ್ಲ. ರಾತ್ರಿ ಬಿಟ್ಟ ನಾಯಿ ಬೀದಿಯ ಗುಂಪಿಗೆ ಸೇರುತ್ತದೆ, ಬೈಕಿನ ಹಿಂದೆ ಓಡುತ್ತದೆ, ಹೆದ್ದಾರಿ ದಾಟುತ್ತದೆ. ರಾತ್ರಿಗೆ ಮನೆಯೊಳಗೆ ಒಂದು ಮೂಲೆ ಕೊಡಿ. ಒಳಗೆ ಮಲಗಿದ ನಾಯಿಗೂ ಗೇಟಿನ ಸದ್ದು ಕೇಳುತ್ತದೆ, ಕಾವಲಿಗೆ ಕೊರತೆ ಆಗುವುದಿಲ್ಲ.

ಕೊಟ್ಟಾರ ತಿರುವು

ಬಾಗಿಲು ಮನೆಯ ಕಡೆಗೆ ಎನ್ನುವುದು ಹೊಳೆದಿರಲಿಲ್ಲ. ಸರಿ ಉಂಟು.

ಕಾಪು ದೀಪ

ಹೆಲ್ಮೆಟ್, ಹಿಡಿಸೂಡಿಯ ಬಗ್ಗೆ ಯಾರೂ ಬರೆಯಲಿಲ್ಲ. ಇಲ್ಲಿ ಗೆಲ್ಲುವುದೂ ಸೋಲುವುದೂ ಎರಡೇ ವಿಷಯದಲ್ಲಿ: ದೂರ ಮತ್ತು ಯಾವುದು ಮೊದಲು ಎಂಬುದು.

ದೂರ ಹೀಗೆ ಹುಡುಕಿ. ಅಂಗಳದ ಆ ತುದಿಯಲ್ಲಿ ಹೆಲ್ಮೆಟನ್ನು ನೆಲದ ಮೇಲೆ ಇಡಿ, ಯಾರೂ ಹಾಕಿಕೊಳ್ಳುವುದು ಬೇಡ. ನಾಯಿ ಅದನ್ನು ನೋಡಿತು, ಕಿವಿ ನೆಟ್ಟಗಾಯಿತು, ಆದರೂ ಚೂರು ತಿಂದಿತು ಎಂದರೆ ದೂರ ಸರಿಯಾಗಿದೆ. ತಿನ್ನಲಿಲ್ಲ, ಬಾಲ ಹೊಟ್ಟೆಗೆ ಅಂಟಿತು, ತುಟಿ ನೆಕ್ಕುತ್ತಾ ಮುಖ ತಿರುಗಿಸಿತು ಎಂದರೆ ಇನ್ನೂ ಐದು ಮೀಟರ್ ಹಿಂದೆ ಹೋಗಬೇಕು. ಚೂರನ್ನು ಬಾಯಿಂದ ಕಸಿದುಕೊಂಡ ಹಾಗೆ ಒರಟಾಗಿ ತೆಗೆದುಕೊಂಡರೂ ಹತ್ತಿರ ಆಯಿತು ಎಂದೇ ಅರ್ಥ.

ಕ್ರಮ: ಹೆಲ್ಮೆಟ್ ಕಾಣಬೇಕು, ಒಂದು ಸೆಕೆಂಡ್ ಬಿಟ್ಟು ಕೋಳಿ ಬರಬೇಕು. ಹೆಲ್ಮೆಟ್ ಮರೆಯಾದ ಕೂಡಲೇ ಕೋಳಿಯೂ ನಿಲ್ಲಬೇಕು. ಬಹಳ ಮಂದಿ ಉಲ್ಟಾ ಮಾಡುತ್ತಾರೆ. ಕಿಸೆಗೆ ಕೈ ಹಾಕಿ ತಿಂಡಿ ತೋರಿಸಿ, ನಾಯಿ ತಿನ್ನುವಾಗ ಮೆಲ್ಲ ಹೆಲ್ಮೆಟ್ ತರುತ್ತಾರೆ. ಆಗ ನಾಯಿ ಕಲಿಯುವುದು ಏನು? ಕೋಳಿ ಬಂದರೆ ಹಿಂದೆಯೇ ಹೆದರಿಕೆ ಬರುತ್ತದೆ ಎಂದು. ಕೊನೆಗೆ ಕೋಳಿಯನ್ನೇ ಮುಟ್ಟುವುದಿಲ್ಲ.

ಐದು ನಿಮಿಷ, ಹತ್ತು ಸಲ, ಮುಗಿಯಿತು. ಹೆಲ್ಮೆಟ್ ಕಂಡ ಕೂಡಲೇ ಅದು "ಎಲ್ಲಿ ನನ್ನ ಚೂರು" ಎಂದು ನಿಮ್ಮ ಮುಖ ನೋಡಲು ಶುರು ಮಾಡುವವರೆಗೆ ದೂರ ಕಡಿಮೆ ಮಾಡಬೇಡಿ. ಆ ನೋಟ ಬಂದ ಮೇಲೆ ಒಂದು ಸಲಕ್ಕೆ ಒಂದು ಮೀಟರ್. ಆಮೇಲೆ ಕೈಯಲ್ಲಿ ಹಿಡಿದ ಹೆಲ್ಮೆಟ್, ತಲೆಯ ಮೇಲಿನದ್ದು, ತಲೆಯಲ್ಲಿ ಹಾಕಿ ನಡೆಯುವುದು, ಬೈಕಿನ ಮೇಲೆ ಕೂತದ್ದು. ಪ್ರತಿಯೊಂದೂ ಹೊಸ ಪಾಠ, ಪ್ರತಿ ಸಲ ದೂರದಿಂದಲೇ ಪುನಃ ಶುರು. ಹಿಡಿಸೂಡಿಯೂ ಹಾಗೆಯೇ: ನೆಲದ ಮೇಲೆ ಬಿದ್ದದ್ದು, ಗೋಡೆಗೆ ಒರಗಿಸಿದ್ದು, ಕೈಯಲ್ಲಿ ಹಿಡಿದದ್ದು, ಗುಡಿಸುವಾಗ ಬರುವ ಸದ್ದು ಬೇರೆ. ಈ ಪಾಠ ನಡೆಯುವ ವಾರಗಳಲ್ಲಿ ಅಂಗಳ ಗುಡಿಸುವ ಹೊತ್ತಿಗೆ ನಾಯಿ ಒಳಗಿರಲಿ.

ಒಂದು ದಿನದಲ್ಲಿ ಡಾಕ್ಟರ ಭೇಟಿ, ಸಂಜೆ ನೆಂಟರು, ರಾತ್ರಿ ಗುಡುಗು, ಮೂರೂ ಬಂದರೆ ನಾಯಿಯ ತಡೆಯುವ ಶಕ್ತಿ ಮುಗಿದಿರುತ್ತದೆ. ಮರುದಿನ ಪಾಠ ಬೇಡ, ಮೂಸಲಿಕ್ಕೆ ಬಿಟ್ಟು ಮಲಗಲು ಬಿಡಿ.

ಕದ್ರಿ ನಾಲ್ಕನೇ ಮಾಳಿಗೆ

ಫ್ಲಾಟಿನವರಿಗೂ ಎರಡು ಮಾತು ಬೇಕಿತ್ತು. ಒಂಟಿಯಾಗಿ ಬಿಟ್ಟರೆ ಅರಚುವ ನಾಯಿಗೆ ಏನು ಮಾಡುವುದು?

ಕಾಪು ದೀಪ

ಹಳೆಯ ಫೋನಿನಲ್ಲಿ ವಿಡಿಯೊ ಇಟ್ಟು ಬಾಗಿಲು ಹಾಕಿ ಹೊರಗೆ ನಿಲ್ಲಿ. ಎಷ್ಟನೇ ಸೆಕೆಂಡಿಗೆ ಗಾಬರಿ ಶುರುವಾಯಿತು ನೋಡಿ. ಬೊಗಳುವುದು ಕೊನೆಗೆ, ಅದಕ್ಕೆ ಮೊದಲು ಅತ್ತಿತ್ತ ನಡೆಯುವುದು, ಏದುಸಿರು, ಬಾಗಿಲ ಬುಡ ಮೂಸುವುದು ಬರುತ್ತದೆ. 20ನೇ ಸೆಕೆಂಡಿಗೆ ಶುರು ಎಂದಾದರೆ ನಿಮ್ಮ ಪಾಠ 10 ಸೆಕೆಂಡಿನದ್ದು. ಹತ್ತರಲ್ಲಿ ನಿರಾಳ ಕಂಡರೆ ಹದಿನೈದು, ನಡುವೆ ಒಮ್ಮೊಮ್ಮೆ ಐದಕ್ಕೂ ಇಳಿಸಿ, ಯಾವಾಗಲೂ ಏರಿಸುತ್ತಲೇ ಹೋದರೆ ನಾಯಿಗೆ ಗೊತ್ತಾಗುತ್ತದೆ. ವಾರಕ್ಕೆ ಐದು ದಿನ, ದಿನಕ್ಕೆ ಅರ್ಧ ಗಂಟೆ. ಬೀಗದ ಕೈ, ಚಪ್ಪಲಿಯ ಸದ್ದಿಗೇ ಎದ್ದು ನಿಲ್ಲುವುದಾದರೆ ದಿನಕ್ಕೆ ಹತ್ತು ಸಲ ಬೀಗದ ಕೈ ತೆಗೆದು ಪುನಃ ಕುರ್ಚಿಯಲ್ಲೇ ಕೂತುಕೊಳ್ಳಿ. ಈ ಅಭ್ಯಾಸದ ವಾರಗಳಲ್ಲಿ ನಿಜವಾಗಿಯೂ ನಾಲ್ಕು ಗಂಟೆ ಬಿಟ್ಟು ಹೋಗಬಾರದು, ಯಾರಾದರೂ ಜತೆಗಿರುವ ಏರ್ಪಾಡು ಮೊದಲೇ ಮಾಡಿಕೊಳ್ಳಿ. ಬೊಗಳಿದರೆ ಶಾಕ್ ಕೊಡುವ ಬೆಲ್ಟ್ ಹೆದರಿಕೆಯ ಮೇಲೆ ನೋವು ಸೇರಿಸುತ್ತದೆ, ಬೇಡವೇ ಬೇಡ.

ಲಿಫ್ಟ್: ಮೊದಲು ಬಾಗಿಲು ತೆರೆದು ನಿಲ್ಲಿಸಿದ ಖಾಲಿ ಲಿಫ್ಟಿನೊಳಗೆ ತಿಂಡಿ, ಒಳಗೆ ಹೋಗಿ ಹೊರಗೆ ಬರುವುದಷ್ಟೇ. ಆಮೇಲೆ ಒಂದೇ ಮಹಡಿ. ಲೀಶ್ ಬಾಗಿಲಿಗೆ ಸಿಕ್ಕಿಕೊಳ್ಳದ ಹಾಗೆ ನಾಯಿ ಪೂರ್ತಿ ಒಳಗೆ ಬಂದ ಮೇಲೆಯೇ ಗುಂಡಿ ಒತ್ತಿ.

ಮದ್ದಿನ ಪೆಟ್ಟಿಗೆ

ಮನೆಯಲ್ಲಿ ಮಕ್ಕಳಿದ್ದರೆ ಇದನ್ನು ಓದಿ. ನಾಯಿ ತಿನ್ನುವಾಗ ಬಟ್ಟಲಿಗೆ ಕೈ ಹಾಕಿ "ಅಭ್ಯಾಸ" ಮಾಡಿಸುವ ಕ್ರಮ ಒಂದುಂಟು, ಅದರಿಂದಲೇ ಬಟ್ಟಲು ಕಾಯುವ ಬುದ್ಧಿ ಬರುವುದು. ತಿನ್ನುವಾಗ ಮೈ ಬಿಗಿದು ನಿಂತಿತು, ಬೇಗ ಬೇಗ ನುಂಗಿತು, ಕಣ್ಣಿನ ಬಿಳಿ ಕಂಡಿತು ಎಂದರೆ ಎಚ್ಚರಿಕೆ ಅದು. ದೊಡ್ಡವರು 2 ಮೀಟರ್ ದೂರದಿಂದ ಹಾದುಹೋಗುವಾಗ ಬಟ್ಟಲಿನ ಬದಿಗೆ ಕೋಳಿಯ ಚೂರು ಎಸೆದು ಮುಂದೆ ಹೋಗಿ. ಕೆಲವು ವಾರದಲ್ಲಿ ಜನ ಹತ್ತಿರ ಬಂದರೆ ತಲೆ ಎತ್ತಿ ಬಾಲ ಆಡಿಸುತ್ತದೆ. ಮಕ್ಕಳಿಗೆ ಈ ಪಾಠ ಕೊಡಬೇಡಿ, ನಾಯಿ ತಿನ್ನುವ ಕೋಣೆಗೆ ಅವರು ಹೋಗುವುದೇ ಬೇಡ. ಗುರ್ರ್ ಎಂದದ್ದಕ್ಕೆ ಹೊಡೆಯಬೇಡಿ. ಗುರ್ರ್ ನಿಂತರೆ ಮುಂದಿನ ಸಲ ಸದ್ದಿಲ್ಲದೆ ಹಲ್ಲು ಬೀಳುತ್ತದೆ.

ಹಲ್ಲು ತಾಗಿ ಗೀರಿದರೂ, ನಾಯಿಗೆ ಲಸಿಕೆ ಆಗಿದ್ದರೂ, ಕೂಡಲೇ ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಆಸ್ಪತ್ರೆಗೆ. ಅರಶಿನ, ಸುಣ್ಣ, ಕಾಫಿಪುಡಿ ಹಚ್ಚಬಾರದು. ಮಂಗಳೂರಿನ ವೆನ್ಲಾಕ್, ಉಡುಪಿಯ ಅಜ್ಜರಕಾಡು ಜಿಲ್ಲಾ ಆಸ್ಪತ್ರೆ ಎಲ್ಲರಿಗೂ ಗೊತ್ತಿದ್ದದ್ದೇ. ರೇಬೀಸ್‌ಗೆ ಚರ್ಮದೊಳಗೆ ಕೊಡುವ ಇಂಜೆಕ್ಷನ್ 0, 3, 7, 28ನೇ ದಿನಗಳಲ್ಲಿ. ರಕ್ತ ಬಂದ ಗಾಯವಾದರೆ ಗಾಯದ ಸುತ್ತ ಇಮ್ಯುನೊಗ್ಲಾಬ್ಯುಲಿನ್ (ರೇಬೀಸ್ ವಿರುದ್ಧದ ಸಿದ್ಧ ಪ್ರತಿಕಾಯ) ಕೂಡ ಬೇಕು, ನೀವೇ ಕೇಳಿ ಹಾಕಿಸಿಕೊಳ್ಳಿ. ರೇಬೀಸ್ ಲಕ್ಷಣ ಕಂಡ ಮೇಲೆ ಮದ್ದಿಲ್ಲ.

ಬಾವಿಕಟ್ಟೆ

ಗರ್ನಾಲ್ (ದೊಡ್ಡ ಸದ್ದಿನ ಪಟಾಕಿ) ಮತ್ತು ಹುಲಿವೇಷದ ತಾಸೆಯ (ಚರ್ಮವಾದ್ಯ) ಸದ್ದಿಗೆ ಏನು ಮಾಡುವುದು? ಮೇಯಲ್ಲಿ ಬಂದ ನಾಯಿಗೆ ಅಷ್ಟಮಿ, ನವರಾತ್ರಿ, ದೀಪಾವಳಿ ಸಾಲಾಗಿ ಎದುರಿಗುಂಟು. ಆಮೇಲೆ ನೇಮ (ಭೂತಾರಾಧನೆ), ಜಾತ್ರೆ.

ಕಾಪು ದೀಪ

ಎಂಟು ವಾರ ಮೊದಲೇ ಶುರು ಮಾಡಿ. ಫೋನಿನಲ್ಲಿ ತಾಸೆಯ ಸದ್ದು, ಪಟಾಕಿಯ ಸದ್ದು, ಕಿವಿ ಮಾತ್ರ ಆಡುವಷ್ಟು ಕಡಿಮೆ. ಸದ್ದು ಬಂತು, ಕೋಳಿ ಬಂತು, ಸದ್ದು ನಿಂತಿತು, ಕೋಳಿ ನಿಂತಿತು. ಐದು ನಿಮಿಷ, ದಿನಕ್ಕೆ ಎರಡು ಸಲ. ವಾರಕ್ಕೆ ಒಂದು ಗೆರೆ ಮಾತ್ರ ಏರಿಸಿ. ಆದರೆ ಗರ್ನಾಲಿನ ಅದುರು ಎದೆಗೇ ತಾಗುತ್ತದೆ, ಫೋನಿನಲ್ಲಿ ಅದು ಬರುವುದಿಲ್ಲ, ಹಾಗಾಗಿ ಅಂದಿನ ದಿನದ ಏರ್ಪಾಡು ಬೇರೆಯೇ ಬೇಕು. ಸಂಜೆ ಐದಕ್ಕೆ ಮೊದಲು ನಡೆದಾಟ, ಊಟ ಮುಗಿಸಿ. ನಡುಮನೆಯ ಕೋಣೆ, ಕಿಟಿಕಿಗೆ ದಪ್ಪ ಹೊದಿಕೆ, ಫ್ಯಾನ್ ಮತ್ತು ಟಿ.ವಿ. ಒಟ್ಟಿಗೆ. ಮಂಚದಡಿ ಹೊಕ್ಕರೆ ಹೊರಗೆ ಎಳೆಯಬೇಡಿ. ಹತ್ತಿರ ಬಂದು ಒರಗಿದರೆ ಮೈ ಸವರಿ, ಸಮಾಧಾನ ಮಾಡಿದರೆ ಹೆದರಿಕೆ ಹೆಚ್ಚುವುದಿಲ್ಲ. ಹುಲಿವೇಷದ ತಂಡ ಮನೆಮನೆಗೆ ಬರುವ ದಿನ, ತಾಸೆ ಎರಡು ಮನೆ ಆಚೆ ಕೇಳುವಾಗಲೇ ನಾಯಿಯನ್ನು ಒಳಕೋಣೆಗೆ ಕರೆದೊಯ್ಯಿರಿ. ಗೇಟಿಗೆ ಬಂದ ಮೇಲೆ ತಡವಾಯಿತು.

ಮದ್ದಿನ ಪೆಟ್ಟಿಗೆ

ತುಂಬಾ ಹೆದರುವ ನಾಯಿಗೆ ಡಾಕ್ಟರ ಬಳಿ ಗಾಬರಿ ಇಳಿಸುವ ಟ್ರಾಜೊಡೋನ್, ಗಾಬಾಪೆಂಟಿನ್ ಮದ್ದಿನ ಬಗ್ಗೆ ಕೇಳಿ. ಹಬ್ಬಕ್ಕೆ ಎರಡು ವಾರ ಮೊದಲು, ಸದ್ದಿಲ್ಲದ ಒಂದು ದಿನ ಕೊಟ್ಟು ಎಷ್ಟು ಹೊತ್ತಿಗೆ ಹಿಡಿಯುತ್ತದೆ ನೋಡಿ. ಮಂಪರು ಬರಿಸುವ ಅಸೆಪ್ರೊಮಜಿನ್ ಒಂದನ್ನೇ ಕೊಟ್ಟರೆ ಮೈ ಮಲಗುತ್ತದೆ, ಹೆದರಿಕೆ ಒಳಗೆ ಎಚ್ಚರವಾಗಿಯೇ ಇರುತ್ತದೆ.

ಸುರತ್ಕಲ್ ಅಂಗಳ

ಇಷ್ಟು ಕೋಳಿ ತಿನ್ನಿಸಿದರೆ ನಾಯಿ ದಪ್ಪ ಆಗುವುದಿಲ್ಲವಾ? ಮನೆಯಲ್ಲಿ ಕುಚ್ಚಲಕ್ಕಿ ಅನ್ನವೇ.

ಮದ್ದಿನ ಪೆಟ್ಟಿಗೆ

16 ಕೆ.ಜಿ.ಯ ಸಂತಾನಹರಣ ಆದ ನಾಯಿಗೆ ದಿನಕ್ಕೆ ಅಂದಾಜು 800ರಿಂದ 900 ಕ್ಯಾಲೊರಿ. ಅದರ ಹತ್ತರಲ್ಲಿ ಒಂದು ಪಾಲು ತಿಂಡಿಗೆ. ಬೇಯಿಸಿದ ಎಲುಬಿಲ್ಲದ ಕೋಳಿ 50 ಗ್ರಾಂ ಅಂದರೆ ಸುಮಾರು 80 ಕ್ಯಾಲೊರಿ, ಕಡಲೆಬೇಳೆ ಗಾತ್ರಕ್ಕೆ ಕತ್ತರಿಸಿದರೆ ನೂರು ಚೂರು ಬರುತ್ತದೆ. ಮೂರು ಪಾಠಕ್ಕೆ ಅಷ್ಟು ಸಾಕು. ಉಪ್ಪು, ಮಸಾಲೆ ಬೇಡ, ನೀರುಳ್ಳಿ, ಬೆಳ್ಳುಳ್ಳಿ ಖಂಡಿತ ಬೇಡ. ಒಣಮೀನಿನಲ್ಲಿ ಉಪ್ಪು ಬಹಳ, ತಿಂಡಿಯಾಗಿ ಕೊಡಬೇಡಿ. ತಾಜಾ ಬೂತಾಯಿ ಬೇಯಿಸಿ ಮುಳ್ಳು ತೆಗೆದು ಕೊಡಬಹುದು. ಬರೀ ಕುಚ್ಚಲಕ್ಕಿ ಗಂಜಿ, ಮೀನಿನ ಸಾರು ಊಟ ಆಗುವುದಿಲ್ಲ, ಮಾಂಸ ಅಥವಾ ಮೊಟ್ಟೆ ಸೇರಲೇಬೇಕು. ಬೇಯಿಸಿದ ಕೋಳಿಯ ಎಲುಬು ಚೂಪಾಗಿ ಸೀಳುತ್ತದೆ, ಹಾಕಬೇಡಿ.

ಸುರತ್ಕಲ್ ಅಂಗಳ

ಕೊನೆಯ ಪ್ರಶ್ನೆ. ಅಂಗಳದಲ್ಲಿ ಹಗ್ಗ ಇಲ್ಲದೆ ಬಿಡುವುದು ಯಾವಾಗ?

ಮುಳಿಗುಡ್ಡೆ

ಕರೆದರೆ ಬಂದಾಗ. ಅದಕ್ಕೆ ಮೊದಲು ಮನೆಯವರೆಲ್ಲ ಕೂತು ಒಂದು ಶಬ್ದ ನಿಶ್ಚಯ ಮಾಡಿ. ನಮ್ಮ ಮನೆಗಳಲ್ಲಿ ಅಜ್ಜಿ ತುಳುವಿನಲ್ಲಿ "ಬಲ" ಎನ್ನುತ್ತಾರೆ, ಅಮ್ಮ "ಬಾ" ಎನ್ನುತ್ತಾರೆ, ಮಕ್ಕಳು "ಕಮ್" ಎನ್ನುತ್ತಾರೆ. ನಾಯಿಗೆ ಅದು ಮೂರು ಬೇರೆ ಶಬ್ದ. "ಬಲ" ಎಂದಾದರೆ ಎಲ್ಲರೂ "ಬಲ".

ಮೊದಲು ಒಳಗೆ, ಎರಡು ಹೆಜ್ಜೆ ದೂರದಿಂದ, ದಿನಕ್ಕೆ ಇಪ್ಪತ್ತು ಸಲ. ಬಂದರೆ ಒಂದಲ್ಲ, ಮೂರು ಚೂರು ಒಂದರ ಹಿಂದೆ ಒಂದು. ಆಮೇಲೆ ಅಂಗಳದಲ್ಲಿ 5 ಮೀಟರ್ ಹಗ್ಗದಲ್ಲಿ, ಕೊನೆಗೆ 10 ಮೀಟರಿನಲ್ಲಿ. ಹಗ್ಗ ಹಾರ್ನೆಸ್‌ಗೆ ಮಾತ್ರ, ಕುತ್ತಿಗೆಯ ಬೆಲ್ಟಿಗೆ ಹಾಕಿದರೆ ಓಡಿ ತುದಿ ಮುಟ್ಟಿದಾಗ ಕುತ್ತಿಗೆಗೆ ಪೆಟ್ಟು. ಬಯ್ಯಲು, ಸ್ನಾನಕ್ಕೆ, ಮದ್ದು ಕುಡಿಸಲು ಆ ಶಬ್ದ ಹೇಳಿ ಕರೆಯಬೇಡಿ, ಅದಕ್ಕೆ ನೀವೇ ಎದ್ದು ಹೋಗಿ. ಮೀನಿನವರು ಗೇಟಿನಲ್ಲಿ ಹಾರ್ನ್ ಹಾಕಿದಾಗ, ನಾಯಿ ಆ ಕಡೆ ಮುಖ ಮಾಡಿ ನಿಂತಿರುವಾಗ, ಒಂದೇ ಸಲ "ಬಲ" ಎಂದದ್ದಕ್ಕೆ ತಿರುಗಿ ಓಡಿ ಬರಬೇಕು. ಹತ್ತರಲ್ಲಿ ಒಂಬತ್ತು ಸಲ ಹೀಗೆ ಬಂತು ಎಂದರೆ ಗೇಟಿಗೆ ಬೀಗ ಹಾಕಿ ಹಗ್ಗ ಬಿಚ್ಚಿ.